ನಿನ್ನ ಕೋಣೆಯಲ್ಲಿ ಜಾಯಿಂಟರ್

ಶನಿವಾರ, ಮೇ ೧೭

ಅಣ್ಣಾ,

ನಾನೂ ಅಮ್ಮನೂ ಚೆನ್ನಾಗಿದ್ದೇವೆ. ನೀನು, ಅತ್ತಿಗೆ ಹೇಗಿದ್ದೀರಿ ಎಂದು ಕೇಳುವುದಕ್ಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಬೈಯುವುದಿದ್ದರೆ ಬೈದುಬಿಡು. ಇದು ಐದನೆಯ ಕಾಗದ. ಮೊದಲ ನಾಲ್ಕೂ ಮೂರನೇ ಸಾಲಿಗೆ ಬರುವಷ್ಟರಲ್ಲಿ ಸಂಘದ ಕರಪತ್ರಗಳಾಗಿಬಿಟ್ಟವು, ಹರಿದುಹಾಕಿದೆ. ಇದನ್ನೂ ನಿಂತೇ ಬರೆಯುತ್ತಿದ್ದೇನೆ. ಕುಳಿತರೆ ಕಾಲು ಸುಮ್ಮನಿರುವುದಿಲ್ಲ.

ನಿನ್ನ ಕೋಣೆಯಲ್ಲಿ ಹಲಗೆಯ ಅಂಚು ಕೀಸುವ ಜಾಯಿಂಟರ್ ಕೂರಿಸಿದ್ದೇನೆ. ನಿಮ್ಮ ಮಂಚ ಇದ್ದ ಜಾಗದಲ್ಲೇ, ಕಿಟಕಿಗೆ ಎದುರಾಗಿ. ಹೊಚ್ಚ ಹೊಸದು, ಗ್ರೀಸಿನ ವಾಸನೆ ಇನ್ನೂ ಹೋಗಿಲ್ಲ. ನಾಲ್ಕು ಜನ ಹೊತ್ತು ತಂದೆವು. ಕಾರ್ಖಾನೆಯಿಂದ ಬಂದಿದ್ದ ಪಾಲಿಶ್ ಮಾಮ ಬಾಗಿಲಿಗೂ ಯಂತ್ರಕ್ಕೂ ನಡುವೆ ಸಿಕ್ಕಿಕೊಂಡು, "ಏ ಭಾಷಣ, ಇದನ್ನ ಒಳಗೆ ತಳ್ಳೋ ಘೋಷಣೆ ಯಾವುದಾದ್ರೂ ಇದ್ರೆ ಕೂಗೋ!" ಎಂದು ಒದ್ದಾಡಿದ. ಒಡೆಯನಿಲ್ಲದ ಯಂತ್ರ ಇದು. ಯಾರು ಬೇಕಾದರೂ ಬಂದು ತಮ್ಮ ಹಲಗೆ ನೇರ ಮಾಡಿಕೊಂಡು ಹೋಗಬಹುದು ಎಂದು ಬಾಗಿಲ ಮೇಲೆ ಬರೆದು ಅಂಟಿಸಿದ್ದೇನೆ. ಇಲ್ಲಿಯವರೆಗೆ ಬಂದದ್ದು ಪಕ್ಕದ ಮನೆಯ ಬೆಕ್ಕು.

ಮೊದಲ ಕೆಲಸ ಅಮ್ಮನಿಗೆ ಬಟ್ಟೆ ಕತ್ತರಿಸುವ ಮೇಜು. ಎಷ್ಟು ವರ್ಷ ಅಂತ ಅವಳು ನೆಲದ ಮೇಲೆ ಮಂಡಿಯೂರಿ ಕತ್ತರಿ ಆಡಿಸಬೇಕು? ನಾಲ್ಕು ಉದ್ದ ಹಲಗೆಗಳ ಅಂಚು ಸರಿಮಾಡಿ ಅಂಟಿಸಿದರೆ ಆಯಿತು ಎಂದುಕೊಂಡೆ. ಯಂತ್ರದ ಮುಂದಿನ ಮೇಜು, ಹಿಂದಿನ ಮೇಜು ಒಂದಕ್ಕೊಂದು ಸಮವಾಗಿದ್ದರೆ ನಡುವಿನ ಅಲಗು ಅಂಚನ್ನು ನೇರವಾಗಿ ಕೀಸುತ್ತದೆ ಎಂದು ಕಲಿಸಿದವನು ನೀನೇ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೀನು ಕೊಟ್ಟಿದ್ದ ಉಕ್ಕಿನ ಅಳತೆಗೋಲನ್ನು ಎರಡು ಮೇಜಿನ ಮೇಲೂ ಇಟ್ಟು ನೋಡಿದೆ. ಹಿಂದಿನ ಮೇಜು ತಗ್ಗಿದಂತೆ ಕಂಡಿತು. ಬೋಲ್ಟು ಸಡಿಲಿಸಿ, ಕರಪತ್ರಗಳನ್ನು ಮಡಚಿ ಮೂಲೆಗಳ ಅಡಿಗೆ ತುರುಕಿದೆ.

"ಅಂತೂ ಆ ಕಾಗದ ಒಂದು ಕೆಲಸಕ್ಕೆ ಬಂತು" ಅಂದಳು ಅಮ್ಮ.

ಎರಡು ಸಣ್ಣ ತುಂಡು ಕೀಸಿ, ಅಂಚಿಗೆ ಅಂಚು ಕೂಡಿಸಿ ಕಿಟಕಿಗೆ ಹಿಡಿದೆ. ನಡುವೆ ಬೆಳಕು ಇಣುಕುತ್ತಿತ್ತು. ಇನ್ನೊಂದು ಕರಪತ್ರ ಸೇರಿಸಿದೆ. ಇನ್ನಷ್ಟು ಬೆಳಕು. ಮೂರು ದಿನ ಹೀಗೇ. ಲಾಭಕ್ಕಾಗಿ ಮಾಡಿದ ಯಂತ್ರ ನೇರವಾಗಿರಲು ಹೇಗೆ ಸಾಧ್ಯ ಎಂದು ಅಮ್ಮನಿಗೆ ಅರ್ಧ ಗಂಟೆ ವಿವರಿಸಿದೆ. ಅವಳು ಗುಂಡಿ ಹೊಲಿಯುತ್ತಲೇ, "ಅದಕ್ಕೆ ನಿನ್ನ ಮಾತು ಅರ್ಥ ಆಗಿದ್ರೆ ಇಷ್ಟೊತ್ತಿಗೆ ಅದೂ ಮನೆ ಬಿಟ್ಟು ಹೋಗ್ತಿತ್ತು" ಅಂದಳು.

ಆಮೇಲೆ ಎದ್ದು ಬಂದು ಯಂತ್ರವನ್ನು ನೋಡಿದಳು. "ಅಲಗಿನ ಮೇಲಿನ ಮುಚ್ಚಳ ಎಲ್ಲೋ, ಮಹಾರಾಯ?"

"ಅಡ್ಡ ಬರ್ತಿತ್ತು, ತೆಗೆದಿಟ್ಟಿದೀನಿ."

"ಹಾಗಾ? ನಿಮ್ಮ ಒಡೆಯರೂ ಇದೇ ಮಾತು ಹೇಳಿದ್ರಲ್ವೇನೋ?"

ಹುಡುಕಿ ತಂದು ಮುಚ್ಚಳ ಹಾಕಿದೆ. ಅಷ್ಟರಲ್ಲಿ ಅವಳು ಗೋಲನ್ನು ಎತ್ತಿಕೊಂಡು ನೆಲಕ್ಕೆ ಕೂತಳು, ಸೀಮೆಸುಣ್ಣದಿಂದ ಅದರ ಅಂಚಿಗೆ ಒಂದು ಗೆರೆ ಎಳೆದಳು. ಗೋಲನ್ನು ಮಗುಚಿಹಾಕಿ, ಅದೇ ಅಂಚಿಗೆ, ಅದೇ ಜಾಗದಲ್ಲಿ ಇನ್ನೊಂದು ಗೆರೆ. ತುದಿಗಳಲ್ಲಿ ಗೆರೆಗಳು ಕೂಡಿದವು, ನಡುವೆ ಬೇರೆಯಾಗಿ ನಿಂತವು. "ಹೊಸ ಸ್ಕೇಲು ತಂದಾಗೆಲ್ಲ ನಾವು ಮೊದಲು ಮಾಡೋದು ಇದನ್ನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಷೀನು ಸರಿಯಾಗೇ ಇದೆ ಕಣೋ. ಬಾಗಿರೋದು ನಿನ್ನ ಗೋಲು."

ಕರಪತ್ರಗಳನ್ನು ಒಂದೊಂದಾಗಿ ಎಳೆದು ತೆಗೆದೆ. ಅಮ್ಮನ ಸ್ಕೇಲು ಇಟ್ಟು ಬೋಲ್ಟು ಬಿಗಿದೆ. ಹೊಸ ತುಂಡುಗಳನ್ನು ಕೀಸಿ ಕಿಟಕಿಗೆ ಹಿಡಿದೆ. ಬೆಳಕಿಲ್ಲ, ಅಣ್ಣಾ. ಕೂದಲೆಳೆಯಷ್ಟೂ ಇಲ್ಲ.

ಅಂದಿನಿಂದ ಯಂತ್ರದ ಸುತ್ತ ಸುಮ್ಮನೆ ತಿರುಗುತ್ತಿದ್ದೇನೆ. ಒಡೆಯ ಮುಚ್ಚಳ ತೆಗೆಸಿದ್ದು ತಪ್ಪು. ಅದನ್ನು ಮತ್ತೆ ಹಾಕಿಸಿ ಎಂದು ಬರೆದ ನಮ್ಮ ಮನವಿಯಿಂದ ನೀನು ನಿನ್ನ ಸಹಿ ಹೊಡೆದುಹಾಕಿದ್ದೂ ತಪ್ಪು. ಅದನ್ನು ನಾನು ಇವತ್ತೂ ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ. ಆದರೆ ಅತ್ತಿಗೆ ಆಸ್ಪತ್ರೆಯಲ್ಲಿದ್ದಾಳೆ, ಈಗ ಕೆಲಸ ಹೋದರೆ ಏನು ಗತಿ ಎಂದು ನೀನು ಹೇಳಿದಾಗ ನಾನು ಉತ್ತರ ಹುಡುಕುತ್ತಿದ್ದೆನೇ ಹೊರತು ಕೇಳಿಸಿಕೊಳ್ಳಲಿಲ್ಲ. ಸಂಘದ ಸಭೆಯಲ್ಲಿ ಎಲ್ಲರೆದುರು ದ್ರೋಹಿ ಎಂದು ನಿನ್ನ ಹೆಸರು ಓದಿದೆ. ಚಪ್ಪಾಳೆ ಬಿತ್ತು. ಪಾಲಿಶ್ ಮಾಮ ಮಾತ್ರ ತಟ್ಟಲಿಲ್ಲ. ಆಗ ಅವನ ಮೇಲೂ ಸಿಟ್ಟು ಬಂದಿತ್ತು.

ಮೇಜಿನ ಉದ್ದ ಹಲಗೆಗಳು ಇನ್ನೂ ಗೋಡೆಗೆ ಒರಗಿವೆ. ನಾನು ಈ ಕಡೆಯಿಂದ ತಳ್ಳಿದರೆ ಆ ಕಡೆ ಹಿಡಿಯಲು ಒಬ್ಬರು ಬೇಕು. ಮಾಮನ ಕೈ ನಡುಗುತ್ತದೆ. ಅಮ್ಮನನ್ನು ಅಲಗಿನ ಹತ್ತಿರ ಬಿಡಲಾರೆ. ಭಾನುವಾರ ನಿನಗೆ ರಜೆ ಇರುತ್ತದಲ್ಲ? ವಾದ ಮಾಡುವುದಿಲ್ಲ ಎಂದು ಮಾತು ಕೊಡಲಾರೆ. ಯಂತ್ರ ಓಡುವಾಗ ಮಾಡುವುದಿಲ್ಲ.

ಈ ಕಾಗದವನ್ನು ಅಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳ ಆಶೀರ್ವಾದವನ್ನು ಅವಳ ಬಾಯಿಂದಲೇ ಕೇಳು. ನನ್ನ ನಮಸ್ಕಾರ ಅತ್ತಿಗೆಗೆ ಮೊದಲು, ನಿನಗೆ ಆಮೇಲೆ.

ನಿನ್ನ ತಮ್ಮ,
ಭಾಷಣ

ತಾ.ಕ.: ಗೋಲು ಬಾಗಿದ್ದು ಯಾವಾಗ ಎಂದು ಅಮ್ಮ ಕೇಳಿದಳು. ಗೊತ್ತಿಲ್ಲ ಎಂದೆ. ನಿಮ್ಮ ಗಂಟುಮೂಟೆ ಗಾಡಿಗೇರಿದ ದಿನ ನೀನು ಬಾಗಿಲಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದೆ. ನಾನು ಗೋಲನ್ನು ಎಸೆದೆ. ನೀನು ಅದನ್ನು ಎತ್ತಿಕೊಂಡು, ಒರೆಸಿ, ಮೊಳೆಗೆ ತೂಗುಹಾಕಿ ಹೋದೆ. ಬಾಗಿಲ ಚೌಕಟ್ಟಿನ ಮೇಲೆ ಅದು ಕಚ್ಚಿದ ಗುರುತು ಇನ್ನೂ ಇದೆ. ಇವತ್ತು ಅದರ ಪಕ್ಕದಲ್ಲಿ ನಿಂತು ನೋಡಿದೆ. ನಾವಿಬ್ಬರೂ ಒಂದೇ ಎತ್ತರವಲ್ಲವೇ? ಅದು ಸರಿಯಾಗಿ ನನ್ನ ಕಿವಿಯ ಮಟ್ಟಕ್ಕಿದೆ. ನಾನು ಗುರಿಯಿಟ್ಟು ಎಸೆಯಲಿಲ್ಲ ಎಂದು ಬರೆಯುವುದಕ್ಕೇ ಐದು ಸಲ ಕಾಗದ ತೆಗೆದುಕೊಂಡೆ. ಐದು ಸಲವೂ ಬರೆಯಲಾಗಲಿಲ್ಲ.