ಮೂವತ್ತಾರಕ್ಕೆ ಒಂದು ಕಮ್ಮಿ

ಗಣಿತಲೋಕದ ಚಕ್ರವರ್ತಿಗಳೂ, ನನ್ನ ಸಕಲ ಅಂಕಪಟ್ಟಿಗಳ ಪರಮೋಚ್ಚ ನ್ಯಾಯಾಧೀಶರೂ, ಸದ್ಯಕ್ಕೆ ಗೋಡೆಯ ಫೋಟೊದಲ್ಲಿ ವಿರಾಜಮಾನರೂ ಆದ ಅಪ್ಪಾಜಿಯವರ ಪಾದಗಳಿಗೆ,

ಪಿಯುಸಿಗೆ ಸಮನಾದ ಆ ಅಂತಾರಾಷ್ಟ್ರೀಯ ಡಿಪ್ಲೊಮಾದ ಫಲಿತಾಂಶ ಬಂತು. ನಲವತ್ತೈದು ಪಾಯಿಂಟಿಗೆ ಮೂವತ್ತೈದು. ಸೀಟು ಕೊಡಲು ವಿಶ್ವವಿದ್ಯಾಲಯ ಕೇಳಿದ್ದು ಮೂವತ್ತಾರು. ಭೌತಶಾಸ್ತ್ರದಲ್ಲಿ ಏಳಕ್ಕೆ ಐದು ಬಂದಿದೆ. ಉತ್ತರಪತ್ರಿಕೆಯಲ್ಲಿ ಇನ್ನೊಂದೇ ಅಂಕ ಸಿಕ್ಕಿದ್ದರೆ ಅದು ಆರಾಗುತ್ತಿತ್ತು.

“ಮರುಮೌಲ್ಯಮಾಪನಕ್ಕೆ ಹಾಕಿದ್ರೆ ಗ್ರೇಡು ಇಳೀಲೂಬಹುದು ಕಣೋ,” ಅಂದರು ನಮ್ಮ ಶಾಲೆಯ ಭೌತಶಾಸ್ತ್ರದ ಮೇಡಂ.

“ಈಗ್ಲೂ ಸೀಟಿಲ್ಲ, ಇಳಿದ್ರೂ ಸೀಟಿಲ್ಲ. ಹಾಕೇಬಿಡಿ ಮೇಡಂ,” ಅಂದೆ.

ಅರ್ಜಿಗೆ ಪೋಷಕರ ಸಹಿ ಬೇಕಿತ್ತು. “ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಆ ಪತ್ರಿಕೇನ ತಾವೇ ತಿದ್ದಿರೋರು,” ಎನ್ನುತ್ತ ಅಮ್ಮ ಹಾಕಿದಳು.

ನ್ಯಾಯಾಧೀಶರಲ್ಲಿ ಒಂದು ಅರಿಕೆ. ಎಂಟನೇ ತರಗತಿಯ ಅಂಕಪಟ್ಟಿಯನ್ನು ತಾವು ನೋಡಿಯೇ ಇಲ್ಲ. ಅದರಲ್ಲಿರುವ ನಿಮ್ಮ ಸಹಿ ನಾನು ಹಾಕಿದ್ದು. ಇವತ್ತೂ ಹಾಕಬಹುದಿತ್ತು, ಕೈ ಬರಲಿಲ್ಲ.