ಪಕ್ಕದವಳು ಹೇಳಲಿ

ಪ್ರೀತಿಯ ಕತ್ತರಿ,

ಇವತ್ತು ಶುಕ್ರವಾರ. ಇನ್ನೂ ಬೆಳಕು ಹರಿದಿಲ್ಲ.

ಮೂರು ಗಂಟೆಗೆ ಎಚ್ಚರವಾಯಿತು. ಮಗು ಅಳಲಿಲ್ಲ. ಕೆಳಗೆ ಬೀದಿಯಲ್ಲಿ ಬಸ್ಸೊಂದು ನಿಂತು ‘ಉಸ್ಸ್’ ಎಂದು ಬಾಗಿಲು ತೆರೆಯಿತು, ಅಷ್ಟೇ. ರಾತ್ರಿ ಪಾಳಿಯವರನ್ನು ಇಳಿಸಿ ಹೋಗುವ ಬಸ್ಸು. ದಿನಾ ಬರುತ್ತದೆ, ದಿನಾ ಹೋಗುತ್ತದೆ. ಇಷ್ಟು ದಿನ ಅದು ನನ್ನ ಕಿವಿಗೇ ಬಿದ್ದಿರಲಿಲ್ಲ. ಈಗ ಮೂರನೇ ಮಹಡಿಯಲ್ಲಿ ಕಿಟಕಿ ಮುಚ್ಚಿಕೊಂಡು ಮಲಗಿದ್ದರೂ ಎದ್ದು ಕೂತುಬಿಟ್ಟೆ.

ಫೋನಿನಲ್ಲಿ ಒಂದೇ ಹೆಬ್ಬೆರಳಿನಿಂದ ಬರೆಯುತ್ತಿದ್ದೇನೆ. ಇನ್ನೊಂದು ಕೈ ಮಗುವಿನ ಬೆನ್ನ ಮೇಲಿದೆ, ಉಸಿರಾಡುತ್ತಿದೆಯಾ ಎಂದು ನೋಡಲು. ಉಸಿರಾಡುತ್ತಲೇ ಇರುತ್ತಾಳೆ. ಆದರೂ ಕೈ ತೆಗೆಯಲು ಧೈರ್ಯ ಬರುವುದಿಲ್ಲ. ಕರೆ ಮಾಡಿ ಮಾತಾಡಬಹುದಿತ್ತಲ್ಲ ಎನ್ನುತ್ತೀಯ. ಮಾತಾಡಿದರೆ ಇವಳು ಏಳುತ್ತಾಳೆ. ನೀನು ಎದ್ದ ಕೂಡಲೇ ಮುಖ ತೊಳೆಯುವುದಕ್ಕೆ ಮುಂಚೆ ಫೋನ್ ನೋಡುವವಳು, ಅದೇ ಧೈರ್ಯ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲೆಂದೇ ಕೂತದ್ದು. “ಶುಕ್ರವಾರ ನಮ್ಮ ಹೈಸ್ಕೂಲಿನ ಕೊನೇ ತರಗತಿ ಮಕ್ಕಳನ್ನ ಬೀಳ್ಕೊಡ್ತಿದ್ದೀವಿ ಕಣೇ, ನಾಲ್ಕು ಮಾತಾಡಿ ಅಂದಿದ್ದಾರೆ. ನಮ್ಮ ಕೊನೇ ವರ್ಷದ್ದು ನಿಂಗೇನು ನೆನಪಿದೆ ಬರಿ. ಅಳಿಸೋ ಅಂಥದ್ದು ಬೇಡ, ಆ ಕೆಲಸ ನಾನೇ ಮಾಡ್ಕೋತೀನಿ” ಎಂದಿದ್ದೆಯಲ್ಲ. ನೀನು ಓದಿದ ಶಾಲೆಯಲ್ಲೇ ಟೀಚರು, ಅದೇ ಮೆಟ್ಟಿಲು ದಿನಾ ಹತ್ತುತ್ತೀಯ. ನನಗಿಂತ ನಿನಗೇ ಹೆಚ್ಚು ನೆನಪಿರಬೇಕು. ಆದರೆ ನೀನು ಎಲ್ಲದರ ನಡುವೆ ಬಾಯಿ ಹಾಕಿ ಕತ್ತರಿಸುವವಳು, ಅಪ್ಪ ಟೈಲರು, ಹೆಸರೂ ಸರಿಯಾಗಿಯೇ ಬಿತ್ತು. ಕೇಳಿಸಿಕೊಂಡವಳು ನಾನು.

ಮೊದಲು ಸಣ್ಣಪುಟ್ಟದ್ದು. ನಮ್ಮ ಬೆಂಚಿನ ಎಡಗಾಲು ಗಿಡ್ಡ, ಅದಕ್ಕೆ ನಾವು ಮಡಿಸಿ ಇಟ್ಟಿದ್ದ ರಟ್ಟು. ನಲ್ಲಿಯ ಹತ್ತಿರದ ಸಾಲಿನಲ್ಲಿ ನೀನು “ನಮ್ಮವಳಿಗೆ ತಲೆಸುತ್ತು, ದಾರಿ ಬಿಡ್ರೋ” ಎಂದು ನನ್ನನ್ನು ಮುಂದೆ ತಳ್ಳಿ, ಹಿಂದೆಯೇ ನೀನೂ ನುಗ್ಗುತ್ತಿದ್ದದ್ದು. ಓಟದ ಸ್ಪರ್ಧೆಯಲ್ಲಿ ಒಂದು ಶೂ ಕಳಚಿಹೋದರೂ ನೀನು ನಿಲ್ಲದೆ ಓಡಿ ಕೊನೆಯವಳಾಗಿ ಬಂದು, “ಎರಡೂ ಶೂ ಇದ್ದಿದ್ರೂ ನಾನೇ ಕೊನೆ, ಏನೀಗ?” ಎಂದದ್ದು. ಇದನ್ನು ಹೇಳು, ಮಕ್ಕಳು ನಗುತ್ತಾರೆ.

ಆದರೆ ನಿಜವಾಗಿ ಹೇಳಬೇಕಾದದ್ದು ಭೂಗೋಳದ ಮೇಷ್ಟ್ರ ಹಾಜರಿ. ಬೇರೆ ಯಾವ ಶಾಲೆಯಲ್ಲೂ ಹಾಗೆ ಕೂಗುತ್ತಿದ್ದರೆಂದು ನಾನು ಕೇಳಿಲ್ಲ. ಮೊದಲ ದಿನ ನಾನೆದ್ದು “ಎಸ್ ಸಾರ್” ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, “ನೀನಿರೋದು ನಂಗೆ ಕಾಣ್ತಿದೆಯಲ್ಲಮ್ಮ. ನೀನು ಹೇಗಿದ್ದೀಯ ಅಂತ ನಿನ್ನ ಪಕ್ಕದವಳು ಹೇಳ್ಲಿ. ಸುಮ್ಮನೆ ಚೆನ್ನಾಗಿದ್ದಾಳೆ ಅನ್ಬಾರ್ದು, ಕಣ್ಣಿಗೆ ಕಂಡಿದ್ದನ್ನ ಹೇಳ್ಬೇಕು” ಎಂದರು. ಅವತ್ತಿನಿಂದ ಮೂರು ವರ್ಷ ಅದೇ ನಿಯಮ. ಹಿಂದಿನ ಬೆಂಚಿನ ಗಂಡುಹುಡುಗರಿಗೆ ಸುಗ್ಗಿ. “ಇವನು ಹಲ್ಲುಜ್ಜಿಲ್ಲ ಸಾರ್.” “ಇವನು ನಿನ್ನೆಯಿಂದ ಮೂರು ಸಲ ತಲೆ ಬಾಚಿದ್ದಾನೆ ಸಾರ್, ಕಾರಣ ಎರಡನೇ ಬೆಂಚಲ್ಲಿದೆ.” ಮೇಷ್ಟ್ರು ನಗುತ್ತಿರಲಿಲ್ಲ. ಪುಸ್ತಕದಲ್ಲಿ ಟಿಕ್ ಹಾಕಿ, “ಮುಂದೆ” ಎನ್ನುತ್ತಿದ್ದರು.

ನನ್ನ ಬಗ್ಗೆ ಮೂರು ವರ್ಷವೂ ನೀನೇ ಹೇಳಿದೆ. “ಇವಳು ಡಬ್ಬಿ ಮುಟ್ಟಿಲ್ಲ ಸಾರ್.” “ಇವಳು ಬಸ್ಸಲ್ಲಿ ನಿಂತೇ ಬಂದಿದ್ದಾಳೆ, ಕಾಲು ಉಜ್ಕೋತಿದ್ದಾಳೆ.” ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ನಾನು ಯಾರಿಗೂ ಹೇಳಿರಲಿಲ್ಲ, ನಿನಗೂ. ನೀನು ಎದ್ದು ನಿಂತು, “ಇವಳು ಒಂದೊಂದು ಜಡೆಗೆ ಒಂದೊಂದು ಬಣ್ಣದ ರಿಬ್ಬನ್ ಕಟ್ಟಿದ್ದಾಳೆ ಸಾರ್. ಇವಳು ಹಾಗೆ ಮಾಡೋಳಲ್ಲ” ಎಂದೆ. ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಟಿಕ್ ಹಾಕಲಿಲ್ಲ. ಪಾಠ ಮುಗಿದ ಮೇಲೆ ನನ್ನನ್ನು ಸ್ಟಾಫ್ ರೂಮಿಗೆ ಕರೆದು, ಏನನ್ನೂ ಕೇಳದೆ ತಮ್ಮ ಚಹಾದಲ್ಲಿ ಅರ್ಧ ನನಗೆ ಬಗ್ಗಿಸಿ ಕೊಟ್ಟರು. ಅದನ್ನು ಕುಡಿಯುತ್ತಾ ಕುಡಿಯುತ್ತಾ ಎಲ್ಲ ಹೇಳಿಬಿಟ್ಟೆ. ನೀನು ಬಾಗಿಲಲ್ಲಿ ನಿಂತು, “ಮುಚ್ಚಳ ತೆಗೀತು ನೋಡಿ ಸಾರ್” ಎಂದೆ. ನನಗೆ ಮುಚ್ಚಳ ಎಂಬ ಹೆಸರು ಅಂಟಿದ್ದು ಅವತ್ತೇ.

ಕೊನೆಯ ದಿನ ನೆನಪಿದೆಯಾ? ಪರೀಕ್ಷೆಗೆ ಓದಲು ರಜೆ ಕೊಡುವ ಮುಂಚಿನ ತರಗತಿ. ಮೇಷ್ಟ್ರು, “ಇವತ್ತೊಂದು ದಿನ ನಿಯಮ ಉಲ್ಟಾ. ನಿಮ್ಮ ಬಗ್ಗೆ ನೀವೇ ಹೇಳ್ಕೊಳ್ಳಿ” ಎಂದರು. ಒಬ್ಬೊಬ್ಬರೇ ಎದ್ದರು. ಹಲ್ಲುಜ್ಜದವನು, “ನಂಗೆ ಮನೇಗಿಂತ ಇಲ್ಲೇ ಚೆನ್ನಾಗಿತ್ತು ಸಾರ್” ಎಂದು ಅತ್ತುಬಿಟ್ಟ. ನೀನು, “ನಂಗೆ ಭಯ ಆಗ್ತಿದೆ, ಆದ್ರೆ ಯಾರೂ ನಂಬಲ್ಲ” ಎಂದೆ. ನನ್ನ ಸರದಿ ಬಂತು. ನಾನು ಎದ್ದೆ. ಎಲ್ಲರೂ ನನ್ನತ್ತ ತಿರುಗಿದರು. ನಾನು, “ಇವಳಿಗೆ ನಿಜವಾಗ್ಲೂ ಭಯ ಆಗಿದೆ ಸಾರ್, ಬೆಳಿಗ್ಗೆಯಿಂದ ಉಗುರು ಕಚ್ತಿದ್ದಾಳೆ” ಎಂದು ಹೇಳಿ ಕೂತೆ. ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರೂ ಅವತ್ತು ನಕ್ಕರು. “ಇರ್ಲಿ ಬಿಡಮ್ಮ, ಮುಂದೆ ತಾನಾಗೇ ಬರುತ್ತೆ” ಎಂದರು.

ಬರಲಿಲ್ಲ ಕಣೇ.

ಕಳೆದ ವಾರ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದೆ. ನರ್ಸಮ್ಮ ಒಳ್ಳೆಯವರು. “ಹೇಗಿದ್ದೀರಿ?” ಎಂದರು. “ತೂಕ ಏರಿದೆ ಸಿಸ್ಟರ್” ಎಂದೆ. “ನಿಮ್ಮದಾ?” “ಅಲ್ಲ, ಮಗೂದು.” “ನಾನು ಕೇಳಿದ್ದು ನಿಮ್ಮನ್ನಲ್ವಾ?” ಎಂದರು. “ಓ, ನಮ್ಮನೆಯವರೂ ಚೆನ್ನಾಗಿದ್ದಾರೆ ಸಿಸ್ಟರ್, ಕೆಲಸ ಜಾಸ್ತಿ” ಎಂದೆ! ಅವರು ನಕ್ಕರು, ನಾನೂ ನಕ್ಕೆ, ಅಷ್ಟರಲ್ಲಿ ಹಿಂದಿನವರ ಮಗು ಅತ್ತಿತು. ಅಮ್ಮ ಫೋನಿನಲ್ಲಿ ಕೇಳಿದರೆ ಮಗು ನಗುವುದನ್ನು ಹೇಳುತ್ತೇನೆ. ಅತ್ತೆಯಂತೂ ಕೇಳುವುದೇ ಇಲ್ಲ, “ನಮ್ಮ ಸೊಸೆಗೆ ಯಾರೂ ಏನೂ ಹೇಳಿಕೊಡೋ ಹಾಗಿಲ್ಲ” ಎಂದು ಎಲ್ಲರೆದುರು ಹೊಗಳುತ್ತಾರೆ. ಹೊಗಳಿದ ಮೇಲೆ ಕೇಳಿಕೊಳ್ಳುವುದು ಹೇಗೆ?

ಇವರು ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಹೊಸ ಕಟ್ಟಡಗಳಿಗೆ ಲಿಫ್ಟ್ ಕೂರಿಸುವ ಕೆಲಸ, ಗೊತ್ತಲ್ಲ. ಬೆಳಿಗ್ಗೆ ಕಂಪನಿಯ ವ್ಯಾನು ಬಂದು ಕರೆದುಕೊಂಡು ಹೋದರೆ ಮುಂದಿನ ಶುಕ್ರವಾರದವರೆಗೂ ಬೇರೆ ಊರು. ಮಗು ಹುಟ್ಟಿದ ಮೇಲೆ ಇದೇ ಮೊದಲು. ಅಲ್ಲಿಯವರೆಗೂ ಈ ಮನೆಯಲ್ಲಿ ನಾನು, ಇವಳು, ಇಬ್ಬರೇ. ಪೆಟ್ಟಿಗೆ ತುಂಬುವಾಗ, “ಏನಾದ್ರೂ ಹೇಳೋದಿದ್ಯಾ?” ಎಂದು ಕೇಳಿದರು. ನಾನು, “ನಲ್ಲಿ ಸೋರ್ತಿದೆ” ಎಂದೆ. ಪಾಪ, ಸ್ಪ್ಯಾನರ್ ತೆಗೆದು ಸರಿ ಮಾಡಿ ಮಲಗಿದರು.

“ನಿನ್ನೆ ಮಧ್ಯಾಹ್ನ ಸೋಪು ತರಲು ಕೆಳಗೆ ಹೋಗಿದ್ದೆ. ಬಸ್ ಸ್ಟಾಪಿನಲ್ಲಿ ನಿಂತಿದ್ದೆ, ಒಂದು ತಮಾಷೆ ನಡೆಯಿತು” ಎಂದು ಬರೆಯಲು ಶುರುಮಾಡಿದ್ದೆ. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ‘ನಾನು’ ಎಂದು ಬರೆದ ಕೂಡಲೇ ಎಲ್ಲವೂ ತಮಾಷೆಯಾಗಿಬಿಡುತ್ತದೆ, ಏನು ಮಾಡಲಿ? ಅದಕ್ಕೆ ನಮ್ಮ ಹಳೆಯ ರೀತಿಯಲ್ಲೇ ಬರೆಯುತ್ತೇನೆ. ನೀನು ನನ್ನ ಪಕ್ಕದಲ್ಲಿ ಎದ್ದು ನಿಂತು ಹೇಳುತ್ತಿದ್ದೀಯ ಎಂದುಕೊಂಡು ಓದು.

ಇವಳು ಚೆನ್ನಾಗಿಲ್ಲ ಸಾರ್. ಮಗು ಮಲಗಿದರೂ ಇವಳು ಮಲಗಲ್ಲ. ತಟ್ಟೆ ಮುಂದೆ ಕೂತು ಊಟ ಮಾಡೋದನ್ನ ಮರೀತಾಳೆ. ಮಗೂಗೆ ಸ್ನಾನ ಮಾಡಿಸ್ತಾ ಕೈ ಜಾರುತ್ತೆ ಅಂತ ಹೆದರಿ, ಎರಡು ದಿನದಿಂದ ಬರೀ ಒದ್ದೆ ಬಟ್ಟೇಲಿ ಒರೆಸ್ತಿದ್ದಾಳೆ. ನಿನ್ನೆ ಮಧ್ಯಾಹ್ನ ಮಗು ತುಂಬಾ ಹೊತ್ತು ಅತ್ತು ಮಲಗ್ತು. ಇವಳು ಅದನ್ನ ತೊಟ್ಟಿಲಲ್ಲಿ ಹಾಕಿ, ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೀಗ ಹಾಕಿ ಕೆಳಗೆ ಹೋದ್ಲು. ಸೋಪು ಮನೇಲೇ ಇತ್ತು ಸಾರ್. ಬಸ್ ಸ್ಟಾಪಲ್ಲಿ ನಿಂತ್ಲು. ಬಸ್ ಬಂತು. ಇವಳು ಒಂದು ಕಾಲು ಮೆಟ್ಟಿಲ ಮೇಲಿಟ್ಲು. ಕಂಡಕ್ಟರ್, “ಹತ್ತೋದಾದ್ರೆ ಹತ್ತಮ್ಮಾ, ಇಲ್ಲಾಂದ್ರೆ ಬಿಡು. ಎಲ್ಲಿಗೆ?” ಅಂದ. ಇವಳಿಗೆ ಎಲ್ಲಿಗೆ ಅಂತ ಗೊತ್ತಿರ್ಲಿಲ್ಲ. ಕಿಟಕಿ ಪಕ್ಕ ಕೂತು ಕಣ್ಣು ಮುಚ್ಬೇಕು ಅನ್ನಿಸ್ತು, ಅಷ್ಟೇ. ಹಿಂದಿದ್ದ ಮುದುಕಪ್ಪ, “ನಿನ್ನ ರವಿಕೆ ಒದ್ದೆಯಾಗಿದೆ ತಾಯಿ, ಮಗು ಹಸಿದಿರ್ಬೇಕು, ಮನೆಗೆ ಹೋಗು” ಅಂದ. ನೋಡಿಕೊಂಡ್ರೆ ಹಾಲು ಸೋರ್ತಿತ್ತು. ಕಾಲು ತೆಗೆದ್ಲು. ಮೇಲೆ ಬಂದು ಬೀಗ ತೆಗೆದು ಮೊದಲು ತೊಟ್ಟಿಲು ನೋಡಿದ್ಲು. ಮಗು ಮಲಗೇ ಇತ್ತು. ಯಾರಿಗೂ ಗೊತ್ತಾಗ್ಲಿಲ್ಲ. ಮಗು ಮೇಲೆ ಪ್ರೀತಿ ಇಲ್ಲ ಅಂತಲ್ಲ ಸಾರ್. ಪ್ರೀತಿ ಇದೆ. ಇವತ್ತಿಂದ ರಾತ್ರೀನೂ ಮನೇಲಿ ಯಾರೂ ಇರಲ್ಲ, ಬಸ್ ಬಂದ್ರೆ ಏನು ಮಾಡ್ತೀನೋ ಅಂತ ಇವಳಿಗೆ ತನ್ನ ಮೇಲೇ ಹೆದರಿಕೆ.

ಬರೆದುಬಿಟ್ಟೆ. ಓದಿ ನೋಡಲಾರೆ, ನೋಡಿದರೆ ಅಳಿಸುತ್ತೇನೆ.

ನಿನ್ನ ಮಕ್ಕಳಿಗೆ ಏನು ಹೇಳಬೇಕೆಂದು ಈಗ ಗೊತ್ತಾಯಿತು. ಪಕ್ಕದವರನ್ನು ನೋಡಿ ಎಂದು ಹೇಳು, ಅದು ಒಳ್ಳೆಯದೇ. ಆದರೆ ಪಕ್ಕದಲ್ಲಿ ಬೆಂಚು ಹಂಚಿಕೊಳ್ಳುವವರು ಇಲ್ಲದ ದಿನಗಳು ಬರುತ್ತವೆ, ಆಗ ಕೆಟ್ಟದಾಗಿಯಾದರೂ ಸರಿ, ತಡವರಿಸಿಯಾದರೂ ಸರಿ, ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಲು ಇವತ್ತೇ ಒಂದು ಸಲ ಬಾಯಿ ಬಿಡಿಸು. ಯಾರಾದರೂ ಹುಡುಗಿ ಎದ್ದು ಗೆಳತಿಯ ಬಗ್ಗೆ ಹೇಳಿ ಕೂತರೆ ನಗಬೇಡ. ಅವಳನ್ನು ಇನ್ನೊಮ್ಮೆ ಏಳಿಸು.

ಆರು ಗಂಟೆಗೆ ವ್ಯಾನು ಬರುತ್ತದೆ. ಅದಕ್ಕೆ ಮುಂಚೆ ಫೋನ್ ಮಾಡು ಕಣೇ. ಭಾಷಣ ಇನ್ನೂ ಬರೆದಿಲ್ಲ, ಸೀರೆಗೆ ಇಸ್ತ್ರಿ ಆಗಿಲ್ಲ ಎಂದು ಮುಂದೆ ಹಾಕಬೇಡ. ಸಮಾರಂಭ ಮುಗಿಸಿ ಮಾಡುತ್ತೇನೆ ಎನ್ನಬೇಡ. ಇದನ್ನು ಓದಿದ ತಕ್ಷಣ, ಬೆಳಗಾಗುವ ಮುಂಚೆ, ದಮ್ಮಯ್ಯ, ಫೋನ್ ಮಾಡು.

ನಿನ್ನ ಬೆಂಚಿನ ಎಡಗಡೆಯವಳು,
ಮುಚ್ಚಳ

ಮರೆತಿದ್ದೆ: ನನ್ನ ನಂಬರಿಗೆ ಮಾಡಬೇಡ. ಮಗು ಏಳುತ್ತದೆ ಎಂದು ಬರೆದದ್ದು ನೆಪ. ನಿನ್ನ ದನಿ ಕೇಳಿದರೆ “ಏನಿಲ್ವೇ, ಸುಮ್ಮನೆ ಬರೆದೆ, ನಿದ್ದೆಗೆಟ್ಟ ತಲೆ” ಎಂದು ನಕ್ಕುಬಿಡುತ್ತೇನೆ, ನೀನೂ ನಂಬಿಬಿಡುತ್ತೀಯ. ಇವರ ನಂಬರು ಕೆಳಗಿದೆ, ಅದಕ್ಕೆ ಮಾಡು. ಬಸ್ಸಿನ ವಿಷಯ ಇದ್ದದ್ದು ಇದ್ದ ಹಾಗೇ ಹೇಳು. ಮೆತ್ತಗೆ ಮಾಡಬೇಡ. ಇವರಿಗೆ ಗಾಢ ನಿದ್ದೆ, ಎತ್ತುವವರೆಗೂ ಬಿಡಬೇಡ. ಈಗಷ್ಟೇ ಹೋಗಿ ಅವರ ಫೋನಿನ ಸದ್ದು ಪೂರ್ತಿ ಏರಿಸಿ, ದಿಂಬಿನ ಪಕ್ಕ ಇಟ್ಟು ಬಂದೆ. ಮಗುವನ್ನು ಎತ್ತಿಕೊಂಡು ಅಲ್ಲೇ, ಮಂಚದ ತುದಿಯಲ್ಲಿ ಕೂತಿರುತ್ತೇನೆ.