ಎಂಬತ್ತು ಪರ್ಸೆಂಟಿನ ದಾಕ್ಷಿಣ್ಯ

ಜನವರಿ 12, ಭಾನುವಾರ

ಮನೆ ಸೇರಿದ್ದು ಸಂಜೆ ಆರಕ್ಕೆ. ಹೊರಗೆ ಮೈನಸ್ ಹದಿನೇಳು ಡಿಗ್ರಿ. ನಮ್ಮೂರು ಬೋಟ್ಸ್‌ಫ್ಯೋರ್ಡ್‌ನಿಂದ ಬ್ಯಾಟರಿಯಲ್ಲಿ ನೂರು ಪರ್ಸೆಂಟ್ ಇಟ್ಟುಕೊಂಡು ಹೊರಟು ತಾನಾ ಸೇತುವೆ ಮುಟ್ಟಿದಾಗ ಮೂವತ್ತೊಂದು. ಹೋದ ವಾರ ನಲವತ್ತಿತ್ತು. ಅದೇ ರಸ್ತೆ, ಅದೇ ಗಾಡಿ, ಅದೇ ಹೆಂಗಸು. ಗಾಳಿ ಮಾತ್ರ ಎದುರಿಗಿತ್ತು. ಚಳಿ ಬ್ಯಾಟರಿಯನ್ನು ಕಡಿಯುತ್ತದೆ, ಗಾಳಿ ನುಂಗಿಯೇ ಬಿಡುತ್ತದೆ.

ತಾನಾದಲ್ಲಿ ಚಾರ್ಜ್ ಮಾಡಿ ತಿರುಗಿ ಬಂದೆ. ಅಲ್ಲಿ ಕೆಲಸವೇನೂ ಇರಲಿಲ್ಲ. ಒಂದು ಸಾಸೇಜ್ ತಿಂದೆ, ಅಷ್ಟೇ.

ಮಗಳು ಸುನ್ನಿವಾಗೆ ದಿನ ತುಂಬುವುದು ಫೆಬ್ರವರಿ ಇಪ್ಪತ್ತಕ್ಕೆ. ಹೆರಿಗೆ ಆಸ್ಪತ್ರೆ ಇರುವುದು ಕಿರ್ಕೆನೆಸ್‌ನಲ್ಲಿ, ಬೆಟ್ಟ ದಾಟಿ, ತಾನಾ ದಾಟಿ, ಅದರಾಚೆ. ಹನ್ನೆರಡನೇ ತಾರೀಖಿಗೇ ಹೊರಟು ಆಸ್ಪತ್ರೆಯ ಪಕ್ಕದ ವಸತಿಯಲ್ಲಿ ಇಬ್ಬರೂ ಇದ್ದುಬಿಡುವುದೆಂದು ನನ್ನ ಲೆಕ್ಕ. ಎಲ್ಲಿ ನಿಲ್ಲಬೇಕು, ಎಲ್ಲಿ ಎಷ್ಟು ತುಂಬಿಸಬೇಕು, ಒಂದು ಚಾರ್ಜರ್ ಕೆಟ್ಟಿದ್ದರೆ ಮುಂದಿನದು ಯಾವುದು... ಎಲ್ಲ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ.

ಸುನ್ನಿವಾ ನೋಡಿದಳು. "ಅಮ್ಮಾ, ನಾನು ಮಗು ಹೆರಕ್ಕೆ ಹೋಗ್ತಿರೋದು. ದಂಡಯಾತ್ರೆಗಲ್ಲ."

ನಗಲಿ. ಅವಳಿಗೇನು ಗೊತ್ತು.

ಜನವರಿ 21, ಮಂಗಳವಾರ

ಸೂರ್ಯ ಬಂದ. ಎರಡು ತಿಂಗಳ ಕತ್ತಲಿನ ಮೇಲೆ, ಗುಡ್ಡದ ತುದಿಯಲ್ಲಿ ಹತ್ತು ನಿಮಿಷ. ನಮ್ಮ ಫ್ಯಾಕ್ಟರಿಯಲ್ಲಿ ಮೀನು ಕೊಯ್ಯುವ ಬೆಲ್ಟ್ ನಿಲ್ಲಿಸಿ ಎಲ್ಲರಿಗೂ ಜಾಮ್ ತುಂಬಿದ ಬನ್ನು ಹಂಚಿದರು. ನಾನು ಎರಡು ತಿಂದೆ. ಒಂದು ಮಗುವಿನ ಲೆಕ್ಕಕ್ಕೆ.

ಅಳಿಯ ಟ್ರಿಗ್ವೆ ಇವತ್ತೇ ಸಮುದ್ರಕ್ಕೆ ಹೊರಟ. ಕಾಡ್ ಮೀನಿನ ಹಂಗಾಮು, ಬಿಡುವ ಹಾಗಿಲ್ಲ. ಫೆಬ್ರವರಿ ಹದಿನೈದಕ್ಕೆ ದೋಣಿ ನೇರ ಕಿರ್ಕೆನೆಸ್‌ಗೇ ಬರುತ್ತದಂತೆ. ದಕ್ಕೆಯ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

"ಅತ್ತೆ, ನಾನು ಬರೋವರ್ಗೂ ಅವಳ ಜೊತೇಲೇ ಇರಿ. ಒಂಟಿಯಾಗಿ ಮಾತ್ರ ಬಿಡ್ಬೇಡಿ."

"ಬಿಡಲ್ಲ ಕಣೋ."

"ಮೇಲಿಂದ ಒರಟು. ಒಳಗೊಳಗೇ ಭಯ ಅವಳಿಗೆ."

ನನಗೆ ಮೇಲೂ ಭಯ, ಒಳಗೂ ಭಯ ಎಂದು ಹೇಳಲಿಲ್ಲ.

ಜನವರಿ 25, ಶನಿವಾರ

ಅಂಗಡಿಯಲ್ಲಿ ಒಡ್ವಾರ್ ಸಿಕ್ಕಿದ. ಪಕ್ಕದ ಮನೆಯವನು. ಮೂವತ್ತು ವರ್ಷ ಬೆಟ್ಟದ ಮೇಲೆ ಹಿಮ ತಳ್ಳುವ ಲಾರಿ ಓಡಿಸಿ ಈಗ ಮನೆಯಲ್ಲಿದ್ದಾನೆ. ಬಾಯಿ ಮಾತ್ರ ನಿವೃತ್ತಿಯಾಗಿಲ್ಲ.

"ಏನಮ್ಮಾ ಟೊರುನ್, ಇವತ್ತೂ ನಿನ್ನ ಆಟದ ಸಾಮಾನಿಗೆ ಗಾಳಿ ಸೇವನೆನಾ? ಮೊಬೈಲ್‌ಗೆ ಚಕ್ರ ಹಾಕಿ ಗಾಡಿ ಅಂತೀಯಲ್ಲ!"

"ನಿನ್ನ ಡೀಸೆಲ್ ಹೊಗೆಗಿಂತ ವಾಸಿ."

"ಹೊಗೆ ಬಂದ್ರೂ ಊರು ಸೇರ್ಸತ್ತೆ. ಹುಡುಗೀನ ನಾನೇ ಬಿಟ್ಟು ಬರ್ತೀನಿ ಬಿಡು. ಹುಟ್ಟಿದಾಗ್ಲೂ ನಾನೇ ತಾನೇ ಕರ್ಕೊಂಡ್ಬಂದಿದ್ದು?"

ಕೌಂಟರಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಹಾಲು ತಗೊಂಡು ಬಂದುಬಿಟ್ಟೆ, ಬ್ರೆಡ್ ಮರೆತೆ.

ಇಪ್ಪತ್ತೊಂಬತ್ತು ವರ್ಷದಿಂದ ಈ ಊರಿಗೆ ಅದೊಂದು ತಮಾಷೆ. ಸುನ್ನಿವಾ ಲಾರಿಯಲ್ಲಿ ಹುಟ್ಟಿದವಳು. ಬಿರುಗಾಳಿಯಲ್ಲಿ ನಮ್ಮ ಕಾರು ಸಿಕ್ಕಿಕೊಂಡು, ಒಡ್ವಾರ್‌ನ ಲಾರಿಯ ಮುಂದಿನ ಸೀಟಿನಲ್ಲಿ, ಗೇರಿನ ಪಕ್ಕ ಹುಟ್ಟಿದಳು. ಲಾರಿಯಲ್ಲಿ ಡ್ರೈವರ್ ಪಕ್ಕ ಇದ್ದದ್ದು ಒಂದೇ ಸೀಟು, ಅವಳಪ್ಪ ಹಿಂದೆ ಕಾರಿನಲ್ಲೇ ಉಳಿದರು. ಕೂಸನ್ನು ಒಡ್ವಾರ್‌ನ ಉಣ್ಣೆ ಅಂಗಿಯಲ್ಲಿ ಸುತ್ತಿದ್ದು. ಅದನ್ನೆಲ್ಲ ಹುಟ್ಟುಹಬ್ಬದ ಊಟಗಳಲ್ಲಿ ಹೇಳಿ ಹೇಳಿ ನಗುತ್ತಾರೆ. ರಕ್ತ ನಿಲ್ಲದೆ ಹೋದದ್ದನ್ನು ಯಾರೂ ಹೇಳುವುದಿಲ್ಲ. ಗಾಜಿನಾಚೆ ಬರೀ ಬಿಳುಪು, ಕೈ ಹಿಡಿಯುವುದಕ್ಕೆ ಒಂದು ಹೆಣ್ಣು ಜೀವ ಇರಲಿಲ್ಲ. ಸತ್ತೆ ಅಂದುಕೊಂಡೆ. ಈಗಲೂ ಗಾಳಿ ಬೀಸಿದರೆ ಆ ಸೀಟಿನ ಡೀಸೆಲ್ ವಾಸನೆ ಮೂಗಿಗೆ ಬರುತ್ತದೆ.

ನನ್ನ ಮಗಳಿಗೆ ಅದು ಬೇಡ. ಇಷ್ಟೇ ನಾನು ಕೇಳುವುದು.

ಫೆಬ್ರವರಿ 2, ಭಾನುವಾರ

ಮತ್ತೆ ತಾನಾಕ್ಕೆ. ಅಲ್ಲಿನ ಒಂದು ಚಾರ್ಜರ್ ಸತ್ತಿತ್ತು. ಇನ್ನೊಂದರ ಕೇಬಲ್ ಮರಗಟ್ಟಿ ಕೊರಡಾಗಿತ್ತು. ಕಂಕುಳಲ್ಲಿ ಒತ್ತಿ ಹಿಡಿದು ಬಿಸಿ ಮಾಡಿ ಸಿಕ್ಕಿಸಿದೆ. ನನ್ನ ಮುಂದೆ ಇದ್ದವನು ಎಂಬತ್ತು ಆದ ಕೂಡಲೇ ತಾನಾಗಿಯೇ ತೆಗೆದು, ಕೈ ಬೀಸಿ ಹೋದ. ಒಳ್ಳೆಯ ಜನ. ಹಿಂದೆ ಯಾರಾದರೂ ಕಾಯುತ್ತಿದ್ದರೆ ಎಂಬತ್ತಕ್ಕೆ ಬಿಡಬೇಕು. ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಎಂಬತ್ತರ ಮೇಲೆ ತುಂಬುವುದು ಬಲು ನಿಧಾನ, ಅಲ್ಲಿ ಕೂತವನನ್ನು ಜನ ನೋಡುವ ನೋಟವೇ ಬೇರೆ.

ಮುಖ್ಯ: ಮನೆಯಲ್ಲೇ ರಾತ್ರಿಯಿಡೀ ಹಾಕಿ ನೂರು ಮಾಡಿಕೊಂಡು ಹೊರಡಬೇಕು. ಅದೊಂದು ಇದ್ದರೆ ಮಿಕ್ಕದ್ದೆಲ್ಲ ನಡೆಯುತ್ತದೆ. ಫ್ರಿಜ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ.

ಫೆಬ್ರವರಿ 8, ಶನಿವಾರ

ಸುನ್ನಿವಾಗೆ ಬೆನ್ನು ನೋವು. ಇವತ್ತೇ ಹೋಗೋಣ ಎಂದೆ. ಒಲ್ಲೆ ಎಂದಳು. "ವಸತೀಲಿ ಕೂತು ಗೋಡೆ ನೋಡ್ಲಾ? ಹನ್ನೆರಡು ಅಂದ್ರೆ ಹನ್ನೆರಡು." ಜಗಳವಾಯಿತು. ಅವಳ ಹಟ ಯಾರದು ಎಂದು ಕೇಳುವ ಹಾಗಿಲ್ಲ.

ಆಮೇಲೆ ಬಂದು ನನ್ನ ಭುಜಕ್ಕೆ ತಲೆ ಇಟ್ಟಳು. "ಅಮ್ಮಾ... ತುಂಬಾ ನೋಯತ್ತಾ?"

"ನಾನಿರ್ತೀನಲ್ಲ" ಎಂದೆ. ಅದು ಉತ್ತರವಲ್ಲ. ಅವಳಿಗೆ ಸಾಕಾಯಿತು.

ಫೆಬ್ರವರಿ 11, ಮಂಗಳವಾರ

ಹವಾಮಾನದವರು ನಾಳೆ ಸಂಜೆಗೆ ಬಿರುಗಾಳಿ ಎಂದಿದ್ದರು. ಇವತ್ತೇ ಬಂತು.

ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಯಿತು. ನಮ್ಮ ಬೀದಿ ಪೂರ್ತಿ. ಗಾಡಿ ಐವತ್ತೆರಡಕ್ಕೆ ನಿಂತಿದೆ. ನಿನ್ನೆಯೇ ತುಂಬಿಸಬಹುದಿತ್ತು! ಹೊರಡುವ ಹಿಂದಿನ ರಾತ್ರಿಯೇ ತುಂಬಿಸಿದರೆ ಬ್ಯಾಟರಿ ಬೆಚ್ಚಗಿರುತ್ತದೆ ಎಂದು ಎಲ್ಲೋ ಓದಿದ್ದೆ. ಓದಿ ಓದಿ ಕೆಟ್ಟೆ.

ಮೇಣದಬತ್ತಿ ಹಚ್ಚಿ ಬರೆಯುತ್ತಿದ್ದೇನೆ. ಒಡ್ವಾರ್ ಬಾಗಿಲು ತಟ್ಟಿ ಸೌದೆ ಕೊಟ್ಟು ಹೋದ. "ನನ್ನ ಟ್ಯಾಂಕ್ ಫುಲ್ ಇದೆ" ಎಂದ, ಅಷ್ಟೇ. ತಮಾಷೆ ಮಾಡಲಿಲ್ಲ. ಥ್ಯಾಂಕ್ಸ್, ನಾವು ನೋಡಿಕೊಳ್ಳುತ್ತೇವೆ ಎಂದೆ. ನಮ್ಮವರ ಬಾಯಲ್ಲಿ ಸುಲಭವಾಗಿ ಬರುವ ಮಾತು ಅದು.

ಫೆಬ್ರವರಿ 12, ಬುಧವಾರ, ಬೆಳಿಗ್ಗೆ

ಬಂದರಿನ ಚಾರ್ಜರ್. ಇಲ್ಲಿ ಕರೆಂಟ್ ಇದೆ. ನಮ್ಮ ಹಿಂದೆ ನಾಲ್ಕು ಗಾಡಿ. ಸುನ್ನಿವಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕಿತ್ತಳೆ ಹಣ್ಣು ಸುಲಿಯುತ್ತಿದ್ದಾಳೆ.

ಎಪ್ಪತ್ತಾರು. ಎಪ್ಪತ್ತೆಂಟು.

ಹಿಂದೆ ನೀಲಿ ಗಾಡಿಯವನು. ಹಾರ್ನ್ ಹೊಡೆದಿಲ್ಲ, ಇಳಿದು ಬಂದಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟು ಎಲ್ಲೋ ನೋಡುತ್ತಿದ್ದಾನೆ. ಅದೇ ತಡೆಯಲಾಗುವುದಿಲ್ಲ.

"ಅಮ್ಮಾ, ಹೋಗಿ ಹೇಳು. ತುಂಬು ಗರ್ಭಿಣಿ ಇದಾಳೆ, ನೂರು ಬೇಕು ಅಂತ."

"ಅವರಿಗೂ ಏನೋ ಅರ್ಜೆಂಟ್ ಇರತ್ತೆ."

"ಅಯ್ಯೋ ದೇವರೇ!"

ಎಂಬತ್ತು. ತೆಗೆದೆ. ನೀಲಿ ಗಾಡಿಯವನು ಕೈ ಬೀಸಿದ. ನಾನೂ ಬೀಸಿದೆ.

ಅದೇ ದಿನ, ಮಧ್ಯಾಹ್ನ

ಬೆಟ್ಟ ದಾಟುವ ರಸ್ತೆಯ ಗೇಟು. ಮುಚ್ಚಿದೆ. ಗಾಳಿ ಇಳಿದಾಗ ಹಿಮದ ಲಾರಿ ಮುಂದೆ ಹೋಗುತ್ತದೆ, ಅದರ ಹಿಂದೆ ಸಾಲಾಗಿ ನಾವು. ಹತ್ತೂವರೆಯ ಸಾಲು ರದ್ದು. ಹನ್ನೆರಡೂವರೆಯದೂ ರದ್ದು.

ಬರುವಾಗ ಏರಿಗೇ ಹತ್ತು ಪರ್ಸೆಂಟ್ ಹೋಯಿತು. ನಿಂತಲ್ಲಿ ಹೀಟರ್ ತಿನ್ನುತ್ತಿದೆ. ಓಡುವ ಲೆಕ್ಕ ಹಾಕಿದೆ, ಗಾಳಿಯ ಲೆಕ್ಕ ಹಾಕಿದೆ, ಕೆಟ್ಟ ಚಾರ್ಜರಿನ ಲೆಕ್ಕ ಹಾಕಿದೆ. ಸುಮ್ಮನೆ ನಿಲ್ಲುವ ಲೆಕ್ಕ ಹಾಕಲೇ ಇಲ್ಲ. ಅರವತ್ತೊಂದು ಈಗ.

ನೀಲಿ ಗಾಡಿ ಎರಡು ಗಾಡಿ ಹಿಂದೆ ಬಂದು ನಿಂತಿದೆ. ನಿಧಾನವಾಗಿ ನೂರು ತುಂಬಿಸಿಕೊಂಡೇ ಬಂದಿರಬೇಕು, ಅವನ ಹಿಂದಿನವರು ಏನಂದುಕೊಂಡರೋ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಅನ್ನುತ್ತಾರಲ್ಲ. ಸುನ್ನಿವಾಗೆ ಹೇಳಿದೆ. ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಸೀಟಿನ ಪಟ್ಟಿ ಹಿಡಿದುಕೊಂಡಿದ್ದಾಳೆ.

"ಏನೇ?"

"ಏನಿಲ್ಲ. ಕಿತ್ತಳೆ."

ಕಿತ್ತಳೆಯಲ್ಲ.

ಎರಡು ಗಂಟೆ

ಆಸ್ಪತ್ರೆಗೆ ಫೋನ್ ಮಾಡಿದೆವು. ಹೆರಿಗೆ ನರ್ಸ್ ದನಿ ತಣ್ಣಗಿತ್ತು. ಆಂಬುಲೆನ್ಸ್ ಬೆಟ್ಟದ ಆ ಕಡೆಯ ಗೇಟಿನಲ್ಲಿದೆ, ಅದರಲ್ಲಿ ಒಬ್ಬ ನರ್ಸ್ ಇದ್ದಾಳೆ. ಅಲ್ಲಿವರೆಗೆ ದಾಟಿಸಿದರೆ ಸಾಕು. ನೋವು ಬಂದಾಗಲೆಲ್ಲ ಗಂಟೆ ಬರೆದಿಡಿ ಎಂದಳು. ಕೈಗೆ ಸಿಕ್ಕಿದ್ದು ಈ ಡೈರಿಯೇ.

2.06
2.19
2.31. ಇದು ಜೋರು. ಹಲ್ಲು ಕಚ್ಚಿದಳು, ಕೂಗಲಿಲ್ಲ. ಕೂಗು ಮಗಳೇ ಎಂದೆ.

ಹೀಟರ್ ಕಮ್ಮಿ ಮಾಡಲು ಕೈ ಹೋಗುತ್ತದೆ, ವಾಪಸ್ ಬರುತ್ತದೆ. ಐವತ್ತನಾಲ್ಕು.

ಮೂರು ಗಂಟೆ

ಕತ್ತಲಾಗುತ್ತಿದೆ. ಗಾಳಿ ಸ್ವಲ್ಪ ಇಳಿದಿದೆ. ಸಾಲು ಹೊರಡುತ್ತದಂತೆ! ಹಿಮದ ಲಾರಿಯ ಹುಡುಗಿ, ಬಿರೆತ್ ಅಂತ, ಒಂದೊಂದೇ ಗಾಡಿಯ ಕಿಟಕಿ ತಟ್ಟಿಕೊಂಡು ಬಂದಳು.

"ಎಷ್ಟಿದೆ?"

ಐವತ್ತೊಂದು. ಎಪ್ಪತ್ತು ಎಂದು ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ಮಗಳು. ಮೇಲೆ ಮಧ್ಯದಲ್ಲಿ ಸಾಲು ನಿಂತುಬಿಟ್ಟರೆ?

"ಐವತ್ತೊಂದು" ಎಂದೆ.

"ಅರವತ್ತರ ಕೆಳಗಿರೋ ಬ್ಯಾಟರಿ ಗಾಡಿ ಇವತ್ತು ಬೇಡಮ್ಮ. ಮೇಲೆ ನಾಲ್ಕೈದು ಗಂಟೆ ನಿಲ್ಬೇಕಾದ್ರೂ ಬರ್ಬಹುದು." ಆಗ ಹಿಂದಿನ ಸೀಟು ನೋಡಿದಳು. ಮುಖ ಬದಲಾಯಿತು. "ಓ... ಇವ್ರು ನನ್ನ ಲಾರೀಗೆ ಬರ್ಲಿ. ಒಂದು ಸೀಟಿದೆ."

ಒಂದು ಸೀಟು.

"ಲಾರಿ ಬೇಡ!" ಎಷ್ಟು ಜೋರಾಗಿ ಅರಚಿದೆನೋ, ಬಿರೆತ್ ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಸುನ್ನಿವಾ ನನ್ನ ತೋಳು ಹಿಡಿದಳು. "ಅಮ್ಮಾ, ನೀನಿಲ್ದೆ ನಾನು ಹೋಗಲ್ಲ."

"ಐದು ನಿಮಿಷ ಕೊಡು" ಎಂದೆ ಬಿರೆತ್‌ಗೆ.

ಇಳಿದೆ. ಗಾಳಿ ಬಾಗಿಲನ್ನೇ ಕಿತ್ತುಕೊಂಡಿತು. ಐವತ್ತೇಳು ವರ್ಷದಲ್ಲಿ ಯಾರ ಬಳಿಯೂ ಒಂದು ಬಟ್ಟಲು ಸಕ್ಕರೆ ಕೇಳಿದವಳಲ್ಲ ನಾನು. ಮೊದಲು ನೀಲಿ ಗಾಡಿ. ಗಾಜಿಗೆ ಮುಷ್ಟಿಯಲ್ಲಿ ಗುದ್ದಿದೆ. ಅವನ ಗಾಡಿ ತುಂಬ ಮೀನಿನ ಬಲೆ, ಮಲಗಿಸಲು ಜಾಗವಿಲ್ಲ. ಬಲೆ ಎಸೆದುಬಿಡುತ್ತೇನೆ ಎಂದು ಎಳೆಯಲು ಶುರುಮಾಡಿದ, ಪಾಪ. ಎಳೆದು ಮುಗಿಯುವ ಹಾಗಿರಲಿಲ್ಲ. ಅದರ ಹಿಂದಿನದು ಹಳೆಯ ಬಿಳಿ ಡೀಸೆಲ್ ಗಾಡಿ. ನಾನು ತಟ್ಟುವ ಮೊದಲೇ ಬಾಗಿಲು ತೆರೆಯಿತು.

ಒಡ್ವಾರ್.

"ನೀನು ಇಲ್ಲೇನು ಮಾಡ್ತಿದೀಯಾ?"

"ಬೆಳಗ್ಗೆಯಿಂದ ನಿನ್ನ ಹಿಂದೇನೇ ಇದೀನಿ. ಬೈತೀಯಾ ಅಂತ ಹತ್ರ ಬರ್ಲಿಲ್ಲ."

ಹಿಂದಿನ ಸೀಟಿನ ಮೇಲೆ ಕುರಿಯ ಚರ್ಮ ಹಾಸಿದ್ದ. ಎರಡು ಕಂಬಳಿ. ಥರ್ಮಾಸ್. ಒಗೆದು ಮಡಿಸಿಟ್ಟ ಟವೆಲ್ಲುಗಳು. ಇದು ಇವತ್ತು ಬೆಳಿಗ್ಗೆ ಜೋಡಿಸಿದ್ದಲ್ಲ.

ಕೇಳಿದೆ. ಬಾಯಿಬಿಟ್ಟು ಕೇಳಿದೆ. "ಒಡ್ವಾರ್, ನಮ್ಮನ್ನ ದಾಟಿಸು."

ಮೂರೂವರೆ ದಾಟಿದೆ

ಅವನ ಗಾಡಿಯಲ್ಲಿ. ನನ್ನದನ್ನು ಗೇಟಿನ ಪಕ್ಕ ಬಿಟ್ಟೆ, ಹಿಮ ಮುಚ್ಚಿದರೆ ಮುಚ್ಚಲಿ. ಬಿರೆತ್ ನಮ್ಮನ್ನು ಲಾರಿಯ ನೇರ ಹಿಂದೆ ನಿಲ್ಲಿಸಿದ್ದಾಳೆ. ಸುನ್ನಿವಾಳ ತಲೆ ನನ್ನ ತೊಡೆಯ ಮೇಲೆ. ಗಾಡಿಯೊಳಗೆ ಅದೇ ಡೀಸೆಲ್ ವಾಸನೆ.

3.34
3.40

ಒಡ್ವಾರ್ ಕನ್ನಡಿಯಲ್ಲಿ ನೋಡಿದ. "ಇನ್ನೊಂದು ಹುಡುಗಿ ನನ್ನ ಗಾಡೀಲೇ ಹುಟ್ಟಿದ್ರೆ, ಈ ಸಲ ಬಾಡಿಗೆ ತಗೋತೀನಿ."

"ಇವತ್ತೂ ನಗ್ತೀಯಲ್ಲೋ! ನಿಂಗೆ ಮನುಷ್ಯತ್ವ ಇದೆಯಾ?"

ಕನ್ನಡಿಯಿಂದ ಕಣ್ಣು ತೆಗೆದು ಮುಂದೆ ನೋಡಿದ.

"ಟೊರುನ್, ಆವತ್ತು ನೀನು ಕಿರುಚ್ತಾ ಇದ್ದೆ, ಇದ್ದಕ್ಕಿದ್ದ ಹಾಗೆ ನಿಲ್ಸಿದೆ. ಸತ್ತೋದೆ ಅಂದ್ಕೊಂಡೆ. ಪಕ್ಕದಲ್ಲಿ ಹೆಣ ಇಟ್ಕೊಂಡು ಓಡಿಸ್ತಿದೀನಿ ಅಂದ್ಕೊಂಡೇ ಓಡಿಸ್ದೆ. ತಿರುಗಿ ನೋಡೋಕೆ ಧೈರ್ಯ ಆಗ್ಲಿಲ್ಲ ನಂಗೆ... ಆಮೇಲೆ ಜನಕ್ಕೆ ತಮಾಷೆಯಾಗೇ ಹೇಳ್ದೆ. ಬೇರೆ ಹೇಗೆ ಹೇಳ್ಬೇಕೋ ಗೊತ್ತಾಗ್ಲಿಲ್ಲ."

ಇಷ್ಟು ವರ್ಷ ಆ ಲಾರಿಯಲ್ಲಿ ಹೆದರಿದ್ದು ನಾನೊಬ್ಬಳೇ ಎಂದುಕೊಂಡಿದ್ದೆ. ಮುಂದಕ್ಕೆ ಬಾಗಿ ಅವನ ಭುಜ ಮುಟ್ಟಿದೆ.

"ಈ ಸಲ ತಿರುಗಿ ನೋಡು. ನಾವಿಬ್ರೂ ಇರ್ತೀವಿ."

3.45
3.49

ಲಾರಿಯ ಹಳದಿ ದೀಪ ತಿರುಗತೊಡಗಿತು. ಗೇಟು ಎದ್ದಿತು. ಹೊರಟೆವು. ಮುಂದೆ ಎರಡು ಕೆಂಪು ಚುಕ್ಕೆ, ಸುತ್ತ ಬರೀ ಬಿಳುಪು. ಹೆದರಿಕೆಯಾಗುತ್ತಿದೆ. ಬಹಳ.

ಸುನ್ನಿವಾ ಕೂಗಿದಳು. ಕೂಗಲಿ, ಕೂಗುತ್ತಲೇ ಇರಲಿ. ಒಡ್ವಾರ್ ತಿರುಗಿ ನೋಡಿದ. "ಇದೀರಾ?" ಎಂದ. "ಇದೀವಿ" ಎಂದೆವು, ಇಬ್ಬರೂ ಒಟ್ಟಿಗೆ.

3.52. ಮತ್ತೊಂದು ಬರುತ್ತಿದೆ. ಕೈಗಾಗಿ ತಡಕಾಡುತ್ತಿದ್ದಾಳೆ... ಇಲ್ಲೇ ಇದೆ ಮಗಳೇ... ಹಿಡಿದಳು, ಬರೆಯುವ ಕೈಯನ್ನೇ —